ಹೊಸ ಪಿಸ್ತೂಲ್ ತಗೊಳ್ಳುವಾಗ ಹಳೇ ರಿವಾಲ್ವರ್ ಇಡೋದಾ, ಮಾರೋದಾ?

ರೇಟ್ ಕೇಳುವ ಮೊದಲು ಲೈಸೆನ್ಸ್ ಪುಸ್ತಕ ತೆರೆಯಿರಿ, ಆಮೇಲೆ ಹಳೇ ರಿವಾಲ್ವರ್‌ನ ಬ್ಯಾರೆಲ್ (ನಳಿಕೆ) ನೋಡಿ. 2019ರ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿ ನಂತರ ಒಬ್ಬರಿಗೆ ಎರಡೇ ಬಂದೂಕು. ಅಡಿಕೆ ತೋಟಕ್ಕೆಂದು ತಗೊಂಡ ಕೋವಿಯೂ ಆ ಲೆಕ್ಕಕ್ಕೇ ಸೇರುತ್ತದೆ, ಹಾಗಾಗಿ ಹೊಸದಕ್ಕೆ ಜಾಗ ಉಳಿದಿದೆಯೇ ಎನ್ನುವುದರಲ್ಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ. ಜಾಗ ಇದ್ದರೆ ಗುಂಡು ಪೂರ್ತಿ ತೆಗೆದು, ಸಿಲಿಂಡರ್ (ಗುಂಡು ತುಂಬುವ ತಿರುಗುವ ಭಾಗ) ತೆರೆದು, ಬ್ಯಾರೆಲ್ ಹಿಂದೆ ಬಿಳಿ ಕಾಗದ ಹಿಡಿದು ಬ್ಯಾರೆಲ್ ತುದಿಯಿಂದ ನೋಡಿ. ಒಳಗಿನ ಸುರುಳಿ ಗೀರುಗಳು ಚೂಪಾಗಿ ಹೊಳೆದರೆ ಇಟ್ಟುಕೊಳ್ಳಿ. ಕಪ್ಪು ಗುಳಿ ಬಿದ್ದಿದ್ದರೆ ಈಗಲೇ ಮಾರಿ. ಮಂಗಳೂರು, ಉಡುಪಿಯ ಉಪ್ಪುಗಾಳಿಗೆ ಆ ಗುಳಿ ಪ್ರತಿ ಮಳೆಗಾಲ ಆಳವಾಗುತ್ತದೆ, ಬೆಲೆ ಇಳಿಯುತ್ತದೆ. ಚರ್ಮದ ಹೋಲ್‌ಸ್ಟರ್‌ನೊಳಗೇ ಇಟ್ಟರಂತೂ ತೇವ ಹೀರಿ ಇನ್ನೂ ಬೇಗ ಹಾಳು. "ಎರಡೂ .32 (ಇಂಚಿನಲ್ಲಿ ಹೇಳುವ ಗುಂಡಿನ ಅಳತೆ), ಗುಂಡು ಒಂದೇ" ಎಂದು ಇಟ್ಟುಕೊಳ್ಳಬೇಡಿ; ರಿವಾಲ್ವರ್‌ನದ್ದು ಉದ್ದದ ಗುಂಡು, ಪಿಸ್ತೂಲ್‌ನದ್ದು 7.65 ಎಂಎಂ ಎನ್ನುವ ಬೇರೆ ಗುಂಡು, ಅದಲುಬದಲು ಆಗಲ್ಲ. ಎರಡೂ ಜಾಗ ತುಂಬಿದ್ದರೆ ಬ್ಯಾರೆಲ್ ಪರೀಕ್ಷೆ ಲೆಕ್ಕಕ್ಕಿಲ್ಲ, ಒಂದು ಹೋಗಲೇಬೇಕು. ಲೈಸೆನ್ಸ್ ಇರುವ ಇನ್ನೊಬ್ಬರಿಗೆ ನೇರವಾಗಿ ಮಾರುವುದಾದರೆ ಅವರ ಹೆಸರು, ವಿಳಾಸ ಬರೆದು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಕೊಟ್ಟು 45 ದಿನ ಕಾಯಬೇಕು. ಹೊಸದಕ್ಕೆ ಮುಂಗಡ ಕೊಡುವ ಮೊದಲೇ ಆ ಪತ್ರ ಕೊಟ್ಟುಬಿಡಿ.