ಮಡಚುವ ಚಾವಣಿ, ಕೊಡಗಿನ ಮಳೆ

ಜೂನ್ ತಿಂಗಳ ಮೂರನೆಯ ವಾರ. ನಾಪೋಕ್ಲು ಕಡೆಯಲ್ಲಿ ಮೂರು ದಿನಗಳಿಂದ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಶೆಡ್ಡಿನಲ್ಲಿ ಗೊಬ್ಬರದ ಮೂಟೆಗಳನ್ನು ಇಳಿಸಿದ್ದರಿಂದ ಕಾರನ್ನು ಹೊರಗೆ, ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸಿದ್ದೆ. ಬೆಳಿಗ್ಗೆ ಬಾಗಿಲು ತೆರೆದು ಕಾಲಿಟ್ಟರೆ ನೆಲಹಾಸು ಪಿಚಕ್ಕೆಂದಿತು. ಸೀಟಿನ ಹಿಂದೆ ಕೈ ಇಟ್ಟು ಒತ್ತಿದರೆ ಬೆರಳುಗಳ ನಡುವೆ ನೀರು ಉಕ್ಕಿತು. ಬಟ್ಟೆಯ ಚಾವಣಿ ಎಲ್ಲೋ ಹರಿದಿರಬೇಕು ಎಂದು ಒಳಗಿನಿಂದ ಇಂಚಿಂಚೂ ತಡವಿ ನೋಡಿದೆ. ಒಂದು ಹನಿಯ ಗುರುತೂ ಇಲ್ಲ, ಬಟ್ಟೆ ಒಳಗಡೆ ಬೆಚ್ಚಗೆ ಒಣಗಿಯೇ ಇತ್ತು.

ನಮ್ಮ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಕೊಡೆ ಹಿಡಿದುಕೊಂಡು ಹತ್ತಿರ ಬಂದರು. ಮೂವತ್ತು ವರ್ಷ ಮಳೆಗಾಲದ ಚರಂಡಿಗಳನ್ನು ನೋಡಿಕೊಂಡವರು. ಬಗ್ಗಿ ನೋಡಿ, "ಅಣ್ಣಾ, ಇದು ಸೋರಿದ ನೀರಲ್ಲ. ಹೊರಗೆ ಹೋಗಲು ದಾರಿ ಸಿಗದೆ ಒಳಗೆ ತಿರುಗಿದ ನೀರು," ಎಂದರು. ಆ ಕಾರನ್ನು ಮೊದಲ ಸಲ ಹತ್ತಿರದಿಂದ ನೋಡಿದವರು ಹೇಳಿದ ಆ ಮಾತು ಅಕ್ಷರಶಃ ಸರಿಯಾಗಿತ್ತು.

ಕಾರು ಪೋರ್ಷೆ ಬಾಕ್ಸ್‌ಸ್ಟರ್, 2010ರ ಮಾದರಿ. ಇಬ್ಬರೇ ಆಸನಸ್ಥರು, ಮಡಚುವ ಬಟ್ಟೆಯ ಚಾವಣಿ, ಸೀಟುಗಳ ಬೆನ್ನಿಗೆ ಹತ್ತಿಕೊಂಡಂತೆ 2.9 ಲೀಟರಿನ ಆರು ಸಿಲಿಂಡರ್ ಎಂಜಿನ್. ಚಾವಣಿಯ ಮೇಲೆ ಬಿದ್ದ ನೀರು ಹಿಂದಕ್ಕೆ ಹರಿದು, ಅದು ಮಡಚಿ ಕೂರುವ ತೊಟ್ಟಿಯ ಎರಡು ಮೂಲೆಗಳಲ್ಲಿರುವ ತೂತುಗಳಿಗೆ ಇಳಿಯುತ್ತದೆ. ಅಲ್ಲಿಂದ ಕೊಳವೆಯ ಮೂಲಕ ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಆ ತೂತಿನಲ್ಲಿ ಸಿಲ್ವರ್ ಓಕ್ ಎಲೆಗಳು ಕೊಳೆತು ಕಪ್ಪು ಗೊಬ್ಬರವಾಗಿ ಕೂತಿದ್ದವು. ಬೆಂಗಳೂರಿನ ನೆಲಮಾಳಿಗೆಯಲ್ಲಿ ಹತ್ತು ವರ್ಷ ನಿಂತಿದ್ದ ಕಾರಿಗೆ ಅಂಥ ಸಂಕಟ ಒಮ್ಮೆಯೂ ಬಂದಿರಲಾರದು. ನಮ್ಮಲ್ಲಿಗೆ ಬಂದ ಐದೇ ತಿಂಗಳಿಗೆ ಬಂತು.

ಚಾವಣಿಯನ್ನು ಅರ್ಧ ಎತ್ತಿ ನಿಲ್ಲಿಸಿ, ತೋಟದ ಕಳೆ ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಎರಡು ಮಾರು ತುಂಡು ಮಾಡಿ, ತುದಿಯನ್ನು ಬೆಂಕಿಗೆ ತೋರಿಸಿ ದುಂಡಗೆ ಮಾಡಿಕೊಂಡು ಆ ತೂತಿನೊಳಗೆ ನಿಧಾನವಾಗಿ ಇಳಿಸಿದೆವು. ತಿರುಗಿಸುತ್ತಾ ಇಳಿಸಬೇಕು, ಒತ್ತಬಾರದು. ಗಾಳಿಯ ಕಂಪ್ರೆಸರ್ ಹಚ್ಚಿ ಊದುವವರೂ ಇದ್ದಾರೆ. ಒಳಗಿನ ಕೊಳವೆ ತನ್ನ ಜೋಡಣೆಯಿಂದ ಕಳಚಿಕೊಂಡರೆ ಅದನ್ನು ಮತ್ತೆ ಸಿಕ್ಕಿಸುವ ಕೆಲಸ ಬಹಳ ದೊಡ್ಡದು. ಕೊನೆಗೆ ಚೊಂಬಿನಿಂದ ನೀರು ಹೊಯ್ದಾಗ ಚಕ್ರದ ಮುಂದೆ ಕಂದು ನೀರು ಸುರಿಯಿತು, ಆಮೇಲೆ ತಿಳಿಯಾಯಿತು. ನೆಲಹಾಸಿನ ಅಡಿಯಲ್ಲಿ ದಪ್ಪ ಸ್ಪಂಜು ಇರುವುದರಿಂದ ಮೇಲಿನಿಂದ ಒರೆಸಿ ಪ್ರಯೋಜನವಿಲ್ಲ. ಸೀಟು ಬಿಚ್ಚಿ, ಹಾಸನ್ನು ಹೊರಗೆ ತೆಗೆದು ಬಚ್ಚಲೊಲೆಯ ಪಕ್ಕದಲ್ಲಿ ತೂಗುಹಾಕಿದೆ. ಐದು ದಿನ ಬೇಕಾಯಿತು.

ಅಂದಿನಿಂದ ಈ ಕಾರನ್ನು ನಾನು ತೋಟ ನೋಡುವ ಕ್ರಮದಲ್ಲಿಯೇ ನೋಡುತ್ತೇನೆ. ಮೇ ತಿಂಗಳಿನಲ್ಲಿ ಕಾಫಿ ಸಾಲುಗಳ ನಡುವೆ ಮಳೆನೀರು ಇಂಗಿಸುವ ತೊಟ್ಟಿಲು ಗುಂಡಿಗಳನ್ನು ಬಿಡಿಸುವ ವಾರವೇ ಕಾರಿನ ಜಲದ್ವಾರಗಳನ್ನೂ ಬಿಡಿಸುತ್ತೇನೆ. ಹಿಂದಿನ ಎರಡು ತೂತುಗಳಲ್ಲದೆ ಮುಂದೆಯೂ ಇವೆ. ಗಾಜಿನ ಬುಡದಲ್ಲಿ, ಬ್ಯಾಟರಿ ಕೂರುವ ಜಾಗದ ಆಚೀಚೆ ಎಲೆ ಸೇರಿಕೊಳ್ಳುತ್ತದೆ. ಎಲೆ ಸೇರುವ ಮೂರನೆಯ ಜಾಗ ಹಲವರಿಗೆ ಹೊಳೆಯುವುದಿಲ್ಲ. ಎಂಜಿನ್ ಸೀಟುಗಳ ಹಿಂದಿದ್ದರೂ ಅದನ್ನು ತಣಿಸುವ ರೇಡಿಯೇಟರ್‌ಗಳು ಇರುವುದು ಮುಂದಿನ ಬಂಪರಿನ ಎರಡು ಬದಿಗಳಲ್ಲಿ. ತಣಿಸುವ ದ್ರವ ಕಾರಿನ ಉದ್ದಕ್ಕೂ ಕೊಳವೆಗಳಲ್ಲಿ ಹೋಗಿಬರುತ್ತದೆ. ರಸ್ತೆಯ ಎಲೆಯನ್ನೆಲ್ಲ ಬಂಪರಿನ ಬಾಯಿಗಳು ನುಂಗುತ್ತವೆ. ರೇಡಿಯೇಟರ್‌ಗೂ ಅದರ ಮುಂದಿನ ಎ.ಸಿ. ಕಂಡೆನ್ಸರ್‌ಗೂ ನಡುವೆ ಸಿಕ್ಕಿದ ಎಲೆ ಮಳೆಯಲ್ಲಿ ನೆನೆದು ಅಂಟಿಕೊಂಡು ಲೋಹವನ್ನು ತಿನ್ನುತ್ತದೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿಸುತ್ತೇನೆ. ಮೊದಲ ಸಲ ಒಂದು ಬದಿಯಿಂದ ಮಾತ್ರ ಒಂದು ಬುಟ್ಟಿ ಎಲೆ ಬಂತು.

ಕೊಂಡದ್ದು ಹೇಗೆಂದು ಕೇಳುವವರು ಬಹಳ. ಸುಮಾರು ಒಂದು ವರ್ಷ ಹುಡುಕಿದೆ. ಮೊದಲು ನೋಡಿದ್ದು 2007ರ ಬಂಡಿ. ಬಣ್ಣ ಕನ್ನಡಿಯಂತಿತ್ತು, ಬೆಲೆಯೂ ಕೈಗೆಟುಕುವಂತಿತ್ತು, ಆದರೆ ಸರ್ವಿಸ್ ದಾಖಲೆ ಕೇಳಿದಾಗ ಮಾರುವವನು ಮಾತು ಬದಲಿಸಿದ. ಬಿಟ್ಟು ಬಂದೆ. ಬಿಡಲು ಇನ್ನೊಂದು ಕಾರಣವೂ ಇತ್ತು. 1996ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ 2008ರವರೆಗಿನ ಬಾಕ್ಸ್‌ಸ್ಟರ್‌ಗಳ ಎಂಜಿನ್ನಿನೊಳಗೆ ಮಧ್ಯಂತರ ಶಾಫ್ಟ್ ಎಂಬ ಒಂದು ತಿರುಗುವ ದಂಡ ಇದೆ. ಅದರ ಬೇರಿಂಗ್ ಸವೆದು ಒಡೆದರೆ ಎಂಜಿನ್ನೇ ಹಾಳು. ಎಲ್ಲ ಕಾರುಗಳಿಗೂ ಹಾಗಾಗುವುದಿಲ್ಲ, ಆದರೆ ಆದವರಿಗೆ ಆಗುವ ನಷ್ಟ ಕಾರಿನ ಬೆಲೆಯ ದೊಡ್ಡ ಪಾಲು. 2009ರ ಮಾದರಿಯಿಂದ ಆ ಶಾಫ್ಟ್ ಇಲ್ಲದ ಹೊಸ ಎಂಜಿನ್ ಬಂತು. ಪೇಟೆಯಿಂದ ದೂರ ಇರುವ ನಾನು 2009ಕ್ಕಿಂತ ಹಿಂದಿನದನ್ನು ಕೊಳ್ಳುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆ. ಇದು ನಾನು ಮಾಡಿದ ಅತ್ಯುತ್ತಮ ನಿರ್ಧಾರ.

ಇನ್ನು ಟೈರುಗಳು. ಕಾರು ಓಡಿದ್ದು ಮೂವತ್ತೊಂದು ಸಾವಿರ ಕಿಲೋಮೀಟರ್ ಮಾತ್ರ, ಟೈರಿನ ಹಲ್ಲುಗಳು ಹೊಸದರಂತಿದ್ದವು. ಬದಿಯಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಗಳನ್ನು ಓದಿದಾಗ ನಿಜ ತಿಳಿಯಿತು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅವು ಎಂಟು ವರ್ಷದ ಹಿಂದಿನವು. ರಬ್ಬರ್ ಗಟ್ಟಿಯಾಗಿತ್ತು. ಗಟ್ಟಿಯಾದ ರಬ್ಬರ್ ಒಣ ರಸ್ತೆಯಲ್ಲಿ ಹೇಗೋ ನಡೆದೀತು, ನಮ್ಮ ಒದ್ದೆ ಘಟ್ಟದಲ್ಲಿ ನಡೆಯದು. ನಾಲ್ಕು ಹೊಸ ಟೈರಿನ ಹಣವನ್ನು ಬೆಲೆಯಲ್ಲಿ ಕಡಿಸಿಕೊಂಡೆ. ಮುಂದಿನ ಮತ್ತು ಹಿಂದಿನ ಟೈರುಗಳ ಅಳತೆ ಬೇರೆ ಬೇರೆ, ಊರಿನಲ್ಲಿ ಸಿಗುವುದಿಲ್ಲ, ಮೊದಲೇ ಹೇಳಿ ತರಿಸಬೇಕು. ಕಾರು ಕರ್ನಾಟಕದಲ್ಲಿಯೇ ನೋಂದಣಿಯಾಗಿದ್ದರಿಂದ ಆಜೀವ ತೆರಿಗೆಯ ತಲೆನೋವು ಬರಲಿಲ್ಲ. ಫಾರಂ 29, 30 ಕೊಟ್ಟು ಆರ್‌ಸಿಯಲ್ಲಿ ಹೆಸರು ಬದಲಾಯಿಸಿಕೊಂಡೆ.

ಎಂಜಿನ್ ಹೀಗೆ ಮುಂದಿನ, ಹಿಂದಿನ ಚಕ್ರಗಳ ನಡುವೆ ಇದ್ದರೆ ಏನು ವ್ಯತ್ಯಾಸ? ಕಾವಡಿಯ ಎರಡು ತುದಿಗೆ ಎರಡು ಕೊಡ ಕಟ್ಟಿಕೊಂಡು ಹೊರಟವನು ಥಟ್ಟನೆ ತಿರುಗಲಾರ. ತಿರುಗಿದರೂ ಕೊಡಗಳು ಅವನನ್ನು ಎಳೆದಾಡುತ್ತವೆ. ಅದೇ ಭಾರವನ್ನು ಎದೆಗೆ ಅವುಚಿಕೊಂಡವನು ಇದ್ದಲ್ಲಿಯೇ ತಿರುಗುತ್ತಾನೆ. ಮುಂದಿನ ಚಕ್ರಗಳ ಮೇಲೆ ಎಂಜಿನ್ ಹೊತ್ತ ಕಾರಿಗೂ ಇದಕ್ಕೂ ಇರುವ ಅಂತರ ಅಷ್ಟೇ. ಜೊತೆಗೆ ಈ ಎಂಜಿನ್ನಿನ ಸಿಲಿಂಡರ್‌ಗಳು ಎದ್ದು ನಿಂತಿಲ್ಲ, ಮೂರು ಈ ಕಡೆಗೆ, ಮೂರು ಆ ಕಡೆಗೆ ಮಲಗಿವೆ. ಇದಕ್ಕೆ ಬಾಕ್ಸರ್ ಎಂದು ಹೆಸರು. ಅದಕ್ಕೆ ರೋಡ್‌ಸ್ಟರ್, ಅಂದರೆ ಚಾವಣಿ ತೆರೆಯುವ ಇಬ್ಬರ ಕಾರು, ಎಂಬ ಹೆಸರು ಸೇರಿ ಬಾಕ್ಸ್‌ಸ್ಟರ್ ಆಯಿತು. ಭಾರ ನೆಲಕ್ಕೆ ಹತ್ತಿರ. ಮೂರ್ನಾಡಿನಿಂದ ಬೇತ್ರಿಯ ಕಡೆಗೆ ಇಳಿಯುವ ತಿರುವುಗಳಲ್ಲಿ ಸ್ಟಿಯರಿಂಗನ್ನು ಎರಡು ಬೆರಳಿನಷ್ಟು ತಿರುಗಿಸಿದರೆ ಸಾಕು, ನನ್ನ ಸೊಂಟದಿಂದಲೇ ಕಾರು ತಿರುಗಿದಂತೆ ಅನಿಸುತ್ತದೆ. ಗಂಟೆಗೆ ನಲವತ್ತು, ಐವತ್ತು ಕಿಲೋಮೀಟರ್ ವೇಗದಲ್ಲಿಯೇ ಈ ಸುಖ ಪೂರ್ತಿಯಾಗಿ ಸಿಗುತ್ತದೆ. 255 ಅಶ್ವಶಕ್ತಿ ನಮ್ಮ ರಸ್ತೆಗೆ ಬೇಕಾಗಿಯೇ ಇಲ್ಲ.

ಬೇಗ ತಿರುಗುವ ಗುಣಕ್ಕೆ ಇನ್ನೊಂದು ಮುಖವಿದೆ. ಹಿಂದಿನ ಚಕ್ರಗಳು ಹಿಡಿತ ಬಿಟ್ಟರೆ ಬೇರೆ ಕಾರಿಗಿಂತ ಬೇಗ ಸುತ್ತುತ್ತದೆ. ಆದ್ದರಿಂದ ಬ್ರೇಕ್ ಹಿಡಿಯುವುದೆಲ್ಲ ತಿರುವಿಗೆ ಮೊದಲೇ, ಕಾರು ನೇರ ಇರುವಾಗಲೇ ಮುಗಿಯಬೇಕು. ತಿರುವಿನೊಳಗೆ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿ, ಒಂದೇ ಸಮನಾಗಿ ಇರಬೇಕು. ಎದುರಿಗೆ ಏನೋ ಕಂಡು ಗಾಬರಿಯಿಂದ ಕಾಲೆತ್ತಿದರೆ ಭಾರವೆಲ್ಲ ಮುಂದಕ್ಕೆ ವಾಲಿ ಹಿಂಭಾಗ ಹಗುರಾಗುತ್ತದೆ. ಒಮ್ಮೆ ತೋಟದ ಗೇಟಿನಿಂದ ಟ್ರ್ಯಾಕ್ಟರ್ ಹೊತ್ತು ತಂದ ಕೆಂಪು ಮಣ್ಣು ರಸ್ತೆಯಲ್ಲಿ ಹರಡಿತ್ತು. ತಿರುವಿನ ನಡುವೆ ಅದನ್ನು ಕಂಡು ಕಾಲೆತ್ತಿದೆ, ಹಿಂಭಾಗ ಒಂದು ಮೊಳ ಪಕ್ಕಕ್ಕೆ ಜಾರಿತು. ಕಾರಿನ ಸ್ಥಿರತಾ ವ್ಯವಸ್ಥೆ ತಾನೇ ಬ್ರೇಕ್ ಹಾಕಿ ಸರಿಮಾಡಿತು. ಅದನ್ನು ನಿಲ್ಲಿಸುವ ಗುಂಡಿಯನ್ನು ನಾನು ಎಂದೂ ಒತ್ತುವುದಿಲ್ಲ, ಯಾರೂ ಒತ್ತಬಾರದು.

ನನಗೆ ಇದಕ್ಕಿಂತ ಹೆಚ್ಚು ಭಯವಿರುವುದು ಮಂಜಿನ ಬಗ್ಗೆ. ಕಾರು ಎಷ್ಟು ಕುಳ್ಳೆಂದರೆ ಬಸ್ಸಿನ ಚಾಲಕರ ಕಣ್ಣಿಗೆ ನಾನು ಬೀಳುವುದೇ ಇಲ್ಲ. ಚಾವಣಿ ಮುಚ್ಚಿದಾಗ ಹಿಂದಿನ ಮೂಲೆ ನನಗೂ ಕಾಣಿಸುವುದಿಲ್ಲ. ಹಗಲಿನಲ್ಲಿಯೂ ದೀಪ ಹಾಕುತ್ತೇನೆ, ಪ್ರತಿ ಕುರುಡು ತಿರುವಿನಲ್ಲಿ ಹಾರ್ನ್ ಮಾಡುತ್ತೇನೆ. ತಿತಿಮತಿ ಕಡೆ ಆನೆಗಳ ಓಡಾಟವಿರುವಲ್ಲಿ ಚಾವಣಿ ಮುಚ್ಚಿಯೇ ಹೋಗುತ್ತೇನೆ. ಇನ್ನು ಹಂಪ್‌ಗಳು. ನೆಲಕ್ಕೂ ಕಾರಿನ ಹೊಟ್ಟೆಗೂ ಇರುವುದು ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು. ಎದುರು ವಾಹನ ಇಲ್ಲವೆಂದು ಖಚಿತಪಡಿಸಿಕೊಂಡು ಓರೆಯಾಗಿ, ಒಂದೊಂದೇ ಚಕ್ರ ಹತ್ತುವಂತೆ ದಾಟಿಸುತ್ತೇನೆ. ಗೇಟಿನಿಂದ ಮನೆಯವರೆಗಿನ ತೋಟದ ದಾರಿಗೆ ಎರಡು ಸಾಲು ಕಾಂಕ್ರೀಟ್ ಹಾಸಿಸಿದೆ. ಅದರಿಂದ ಕಾಫಿ ಸಾಗಿಸುವ ಪಿಕಪ್‌ಗೂ ಅನುಕೂಲವಾಯಿತು.

ಜುಲೈ, ಆಗಸ್ಟ್‌ನಲ್ಲಿ ಕಾರು ಹೊರಡುವುದಿಲ್ಲ. ರಸ್ತೆಯಲ್ಲಿ ನಿಂತ ನೀರು ಎಷ್ಟು ಆಳವೆಂದು ಮೇಲಿನಿಂದ ತಿಳಿಯುವುದಿಲ್ಲ, ಈ ಎಂಜಿನ್ ಉಸಿರೆಳೆಯುವ ಕಿಂಡಿ ಇರುವುದು ಹಿಂದಿನ ಚಕ್ರದ ಮುಂದೆ ಬದಿಯಲ್ಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಘಟ್ಟದ ಹೆದ್ದಾರಿ ಮುಚ್ಚಿದ್ದನ್ನು ಕಂಡವರಿಗೆ ಆ ತಿಂಗಳಲ್ಲಿ ಸುಮ್ಮನೆ ಸುತ್ತಾಡುವ ಮನಸ್ಸೂ ಬರುವುದಿಲ್ಲ. ಟ್ಯಾಂಕ್ ತುಂಬಿಸಿ ನಿಲ್ಲಿಸುತ್ತೇನೆ, ಏಕೆಂದರೆ ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಖಾಲಿ ಜಾಗ ಕಡಿಮೆಯಿದ್ದಷ್ಟೂ ಒಳ್ಳೆಯದು. ಚಾವಣಿಯನ್ನು ಒದ್ದೆ ಇರುವಾಗ ಎಂದಿಗೂ ಮಡಚಬಾರದು, ಮಡಿಕೆಯೊಳಗೆ ಬೂಷ್ಟು ಹಿಡಿದರೆ ಕಲೆ ಹೋಗುವುದಿಲ್ಲ.

ಎರಡನೆಯ ವರ್ಷದ ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಬ್ಯಾಟರಿ ಪೂರ್ತಿ ಸತ್ತಿತು. ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯೊಳಗೆ, ಆ ಡಿಕ್ಕಿಯ ಚಿಲಕ ತೆರೆಯುವುದು ವಿದ್ಯುತ್ತಿನಿಂದ. ಗೋಣಿಕೊಪ್ಪದಿಂದ ಬಂದ ಮೆಕ್ಯಾನಿಕ್ ಬೀಗ ಒಡೆಯೋಣವೇ ಎಂದು ಕೇಳಿದರು. ಕೈಪಿಡಿ ತೆಗೆದು ಕೂತು ಓದಿದೆವು. ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಪೆಟ್ಟಿಗೆಯಲ್ಲಿ ಹೊರಗೆ ಎಳೆಯಬಹುದಾದ ಒಂದು ಕೆಂಪು ಕೊಂಡಿ ಇದೆ. ಬೇರೆ ಬ್ಯಾಟರಿಯ ಪ್ಲಸ್ ತಂತಿಯನ್ನು ಅದಕ್ಕೆ, ಮೈನಸ್ಸನ್ನು ಬಾಗಿಲ ಚಿಲಕ ಕೂರುವ ಲೋಹದ ಬಳೆಗೆ ಹಿಡಿದರೆ ಡಿಕ್ಕಿ ತೆರೆಯುತ್ತದೆ. ತೆರೆಯಿತು. ಈಗ ಮಳೆಗಾಲವಿಡೀ ಸಣ್ಣ ಚಾರ್ಜರ್ ಜೋಡಿಸಿಯೇ ಇರುತ್ತದೆ, ಕರೆಂಟು ಇದ್ದಷ್ಟು ಹೊತ್ತು.

ಎಣ್ಣೆ ನೋಡಲು ಕಡ್ಡಿ ಇಲ್ಲ, ಡ್ಯಾಶ್‌ಬೋರ್ಡಿನ ಪರದೆಯೇ ಹೇಳಬೇಕು. ಎಂಜಿನ್ ಕಣ್ಣಿಗೆ ಕಾಣಿಸುವುದೂ ಇಲ್ಲ. ಎಣ್ಣೆ ಹಾಕುವ ಮುಚ್ಚಳ ಮಾತ್ರ ಹಿಂದಿನ ಡಿಕ್ಕಿಯಲ್ಲಿದೆ. ಒಮ್ಮೆಗೆ ಏಳು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಎಷ್ಟು ಕಡಿಮೆ ಓಡಿದ್ದರೂ ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ಮಾರ್ಚ್ ತಿಂಗಳೇ ಈ ಕಾರಿನ ತಿಂಗಳು. ರೊಬಸ್ಟಾ ಕಾಫಿ ತೋಟಗಳಿಗೆ ಸ್ಪ್ರಿಂಕ್ಲರ್ ಹಾಕಿ ಎಂಟು ಹತ್ತು ದಿನಕ್ಕೆ ಹೂವು ಬಿಡುತ್ತದೆ. ಕಿಟಕಿ ಇಳಿಸಿದ ಕಾರಿನಲ್ಲಿ ಹೂವಿನ ವಾಸನೆ ಬಂದು ಹೋಗುತ್ತದೆ ಅಷ್ಟೇ. ಚಾವಣಿ ತೆರೆದರೆ ಒಂದು ತೋಟದ ಗಡಿ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಆರಂಭವಾಯಿತು ಎಂಬುದು ಮೂಗಿಗೇ ತಿಳಿಯುತ್ತದೆ. ಚಾವಣಿ ಮಡಚಲು ಹನ್ನೆರಡು ಸೆಕೆಂಡು ಸಾಕು. ಈ ವರ್ಷ ಅವ್ವನನ್ನು ಕೂರಿಸಿಕೊಂಡು ವಿರಾಜಪೇಟೆ ಕಡೆ ಹೊರಟೆ. ಎಪ್ಪತ್ತಾರು ವರ್ಷದ ಅವ್ವನಿಗೆ ಆ ತಗ್ಗು ಸೀಟಿಗೆ ಇಳಿಯುವುದು ಕಷ್ಟ. ಮೊದಲು ಕೂತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ಎಳೆದುಕೊಂಡರು. ತಲೆಗೆ ಶಾಲು ಸುತ್ತಿಕೊಂಡು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದರು: ಇವರದು ನಿನ್ನೆ ಅರಳಿದ್ದು, ಇವರು ನೀರು ಕೊಡುವುದು ತಡ ಮಾಡಿದ್ದಾರೆ, ಇದು ಮುಗಿಯುತ್ತಾ ಬಂದಿದೆ. ಬೇತ್ರಿ ಸೇತುವೆ ದಾಟಿದ ಮೇಲೆ ಒಂದು ಕಡೆ ನನ್ನ ತೋಳು ಹಿಡಿದು, "ನಿಲ್ಲಿಸು, ಇವರದು ಇವತ್ತೇ ಅರಳಿದೆ," ಎಂದರು.

ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದೆ. ಬೆನ್ನ ಹಿಂದೆ ಬಿಸಿ ಲೋಹ ತಣಿಯುತ್ತಾ ಟಿಕ್ ಟಿಕ್ ಎನ್ನುತ್ತಿತ್ತು, ಬೇಲಿಯಾಚೆ ಜೇನುನೊಣಗಳ ಸದ್ದು ಅದಕ್ಕಿಂತ ಜೋರಾಗಿತ್ತು. ಅರ್ಧ ಗಂಟೆ ಅಲ್ಲಿಯೇ ಕೂತಿದ್ದೆವು.

ಈ ಮೇ ತಿಂಗಳಿಗೆ ಹಿಂದಿನ ಎರಡು ಟೈರುಗಳನ್ನು ತರಿಸಲು ಹೇಳಿದ್ದೇನೆ. ಚಾವಣಿಯ ಎಡಬದಿಯಲ್ಲಿ ಒಂದು ಹೊಲಿಗೆ ಬಿಡುತ್ತಿದೆ. ಮೊದಲ ಮುಂಗಾರು ಮಳೆಗೆ ಮುಂಚೆ ಅದನ್ನೂ ಹೊಲಿಸಬೇಕು.