ಹದಿನಾಲ್ಕು ಸಾವಿರದ ಬ್ರೇಕ್ ಬಿಲ್ಲು, ಎರಡು ನಾಣ್ಯ

ಕಳೆದ ಮಳೆಗಾಲದಲ್ಲಿ ಪುಣೆಯ ಒಂದು ಗ್ಯಾರೇಜಿನವರು ನಮ್ಮ ಹಳೇ ಸಣ್ಣ ಕಾರಿನ ಬ್ರೇಕಿಗೆ ಹದಿನಾಲ್ಕು ಸಾವಿರ ಚಿಲ್ಲರೆ ಎಸ್ಟಿಮೇಟ್ ಬರೆದುಕೊಟ್ಟರು. ಮುಂದಿನ ಗಾಲಿ ಜೊತೆ ತಿರುಗುವ ಎರಡು ಡಿಸ್ಕ್, ಅವನ್ನು ಎರಡೂ ಮಗ್ಗುಲಿಂದ ಒತ್ತುವ ಪ್ಯಾಡ್, ಹಿಂದಿನ ಡ್ರಮ್ಮಿನೊಳಗಿನ ಶೂ, ಬ್ರೇಕ್ ಆಯಿಲ್. ನಾನು ಹೇಳಿಕೊಂಡಿದ್ದು ಒಂದೇ ತಕರಾರು, ಬ್ರೇಕ್ ಒತ್ತಿದರೆ ಖರ್ ಅನ್ನುತ್ತೆ ಅಂತ. "ಸಾಹೇಬ್, ಕಾತ್ರಜ್ ಇಳಿಯೋವಾಗ ಏನಾದ್ರೂ ಆದ್ರೆ?" ಅಂದ ಮೆಕ್ಯಾನಿಕ್. ಧಾರವಾಡದಿಂದ ವಾಪಸ್ ಬರುವಾಗ ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆ ಕಡೆ ಇಳಿಜಾರಿನಲ್ಲಿ ಇಳಿಯುವವರಿಗೆ ಆ ಮಾತು ಎಲ್ಲಿ ತಾಕುತ್ತೆ ಅಂತ ಗೊತ್ತು.

ಆದರೂ ಗಾಡಿ ಮನೆಗೆ ತಂದೆ. ಭಾವಮೈದುನ ರೇಗಿದ. "ಮಾಮಾ, ಜೀವದ ವಿಷಯದಾಗ ಜುಗ್ಗತನ ಮಾಡಬ್ಯಾಡ್ರಿ." ಪುಣೆ ಹತ್ತಿರದ ಭೋಸರಿಯ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಷನ್ ಮಾಡಿದವನು ನಾನು. ಅಳೆಯದೆ ಪಾರ್ಟ್ ರಿಜೆಕ್ಟ್ ಮಾಡೋದುಂಟೇ?

ಅಳತೆಯಲ್ಲಿ ನಾನೂ ಏಟು ತಿಂದಿದ್ದೇನೆ ಬಿಡಿ. ನಾಲ್ಕೈದು ವರ್ಷದ ಹಿಂದೆ ಗಾಲಿಯ ಸಂದಿಯಿಂದ ಹೊರಗಿನ ಪ್ಯಾಡ್ ಮಾತ್ರ ನೋಡಿ ಸುಮ್ಮನಾಗಿದ್ದೆ. ಒಳಗಿನದು ಸವೆದು ಕಬ್ಬಿಣ ಮುಟ್ಟಿ ಡಿಸ್ಕನ್ನೇ ಕೆರೆದು ಹಾಕಿತ್ತು. ಆರೂವರೆ ಸಾವಿರ ಹೋಯ್ತು.

ಈ ಸಲ ನಾಲ್ಕೂ ಗಾಲಿ ಬಿಚ್ಚಿದೆ. ಬಲಗಡೆ ಎರಡೂ ಪ್ಯಾಡ್, ಬೆನ್ನಿನ ಕಬ್ಬಿಣದ ಪ್ಲೇಟ್ ಬಿಟ್ಟು, ಆರು ಮಿ.ಮೀ. ಆಸುಪಾಸು. ಎಡಗಡೆ ಹೊರಗಿನದು ಆರೂವರೆ, ಒಳಗಿನದು ಬರೀ ನಾಲ್ಕು. ನಾನು ಪ್ಯಾಡ್ ಬದಲಿಸೋದು ಮೂರಕ್ಕೆ. ಡಿಸ್ಕನ್ನು ವೈರ್ ಬ್ರಶ್ಶಿನಿಂದ ಉಜ್ಜಿದಾಗ ಕನಿಷ್ಠ ದಪ್ಪ 15 ಮಿ.ಮೀ. ಅಂತ ಕೊರೆದಿದ್ದು ಕಾಣಿಸಿತು. ದಪ್ಪ ಅಳೆಯುವ ವರ್ನಿಯರ್ ಹಿಡಿದರೆ 17ಕ್ಕಿಂತ ಜಾಸ್ತಿ! ಹೊಸ ಡಿಸ್ಕೇ ಅಷ್ಟಿರಲ್ಲ. ಅಂಚಿನಲ್ಲಿ ತುಕ್ಕಿನ ಏಣು ನಿಂತಿರುತ್ತಲ್ವಾ, ವರ್ನಿಯರಿನ ದವಡೆ ಅದರ ಮೇಲೆ ಕೂತಿತ್ತು. ಆ ಏಣಿನ ಒಳಬದಿಗೆ, ಡಿಸ್ಕಿನ ಎರಡೂ ಮಗ್ಗುಲಿಗೆ ಒಂದೊಂದು ರೂಪಾಯಿ ನಾಣ್ಯ ಒತ್ತಿ ಹಿಡಿದು ಅಳೆದೆ, ನಾಣ್ಯಗಳ ದಪ್ಪ ಕಳೆದೆ. 16ರ ಮೇಲೆ ಸ್ವಲ್ಪ ಬಂತು. ಡಿಸ್ಕ್ ಪಾಸ್.

ಮತ್ತೆ ಆ ಸದ್ದು? ನಾಲ್ಕು ದಿನ ಮಳೆಯಲ್ಲಿ ನಿಂತ ಕಾರನ್ನು ನೇರವಾಗಿ ಗ್ಯಾರೇಜಿಗೆ ಒಯ್ದಿದ್ದೆ. ಡಿಸ್ಕಿನ ಮೇಲಿನ ತುಕ್ಕು, ಏಳೆಂಟು ಬ್ರೇಕಿಗೆ ಹೋಯ್ತು.

ಎಡಗಡೆಯ ವ್ಯತ್ಯಾಸ ಮಾತ್ರ ತಲೆ ತಿಂದಿತು. ಫ್ಯಾಕ್ಟರಿಯಿಂದ ಟೆಂಪರೇಚರ್ ಗನ್ ತಂದು, ಕಾತ್ರಜ್ ಇಳಿದ ಕೂಡಲೇ ಬದಿಗೆ ನಿಲ್ಲಿಸಿ ಹಿಡಿದೆ. ಬಲ ಡಿಸ್ಕ್ ತೊಂಬತ್ತು ಡಿಗ್ರಿ ಇದ್ದರೆ ಎಡ ನೂರಾ ನಲವತ್ತರ ಹತ್ತಿರ. ಪ್ಯಾಡ್ ಒತ್ತುವ ಕ್ಯಾಲಿಪರ್ ಸರಿದಾಡುವ ಸ್ಲೈಡ್ ಪಿನ್ ಹಿಡಿದುಕೊಂಡು, ಒಳಗಿನ ಪ್ಯಾಡ್ ಉಜ್ಜುತ್ತಲೇ ಇತ್ತು. ಯಾಕೆ ಅಂತ ಬಿಚ್ಚಿದಾಗ ನಾಚಿಕೆ ಆಯ್ತು. ಎರಡು ವರ್ಷದ ಹಿಂದೆ ನಾನೇ ಅದಕ್ಕೆ ಮಾಮೂಲಿ ಗ್ರೀಸ್ ಬಳಿದಿದ್ದೆ, ರಬ್ಬರ್ ಉಬ್ಬಿತ್ತು. ಪುಣೆಯ ನಾನಾ ಪೇಟೆಯಲ್ಲಿ ರಬ್ಬರ್ ಕಿಟ್, ಸಿಲಿಕೋನ್ ಗ್ರೀಸ್ ಸೇರಿ ನಾನೂರರೊಳಗೆ ಸಿಕ್ಕಿತು. ಇದನ್ನು ಭಾವಮೈದುನನಿಗೆ ಹೇಳಿಲ್ಲ.

ಹಿಂದಿನ ಡ್ರಮ್ ತುಕ್ಕು ಹಿಡಿದು ಕೂತಿತ್ತು. ಸುತ್ತಿಗೆ ಮುಟ್ಟದೆ ಹೊರಗೆ ತೆಗೆದೆ. ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ. ಶೂ ಲೈನಿಂಗ್ ಮೂರು ಮಿ.ಮೀ. ಇತ್ತು, ಶೂಗೆ ಅಷ್ಟು ಸಾಕು. ಶೂ ತಳ್ಳುವ ಸಿಲಿಂಡರಿನ ರಬ್ಬರ್ ಸರಿಸಿ ನೋಡಿದರೆ ಒಳಗೆ ಪಸೆ ಇರಲಿಲ್ಲ. ಅಲ್ಲಿ ಆಯಿಲ್ ಸೋರಿದ ಪಸೆ ಇದ್ದಿದ್ದರೆ, ಅಥವಾ ಪೆಡಲ್ ಕೆಳಗಿಳಿಯುತ್ತಿದ್ದರೆ, ಅಳತೆ ಗಿಳತೆ ಬಿಟ್ಟು ಟೋ ಮಾಡಿಸುತ್ತಿದ್ದೆ.

ಆಯಿಲ್ ವಿಷಯದಲ್ಲಿ ಮೆಕ್ಯಾನಿಕ್ ಹೇಳಿದ್ದು ಸರಿ. ಮೂರು ವರ್ಷ ಆಗಿತ್ತು, ಕಷಾಯದ ಬಣ್ಣಕ್ಕೆ ತಿರುಗಿತ್ತು. ಅದನ್ನು ಬೇರೆ ಕಡೆ ಬದಲಿಸಿದೆ. ಎಲ್ಲಾ ಸೇರಿ ಖರ್ಚು ಸಾವಿರದ ಐನೂರು ದಾಟಲಿಲ್ಲ.

ಎಂಟು ಸಾವಿರ ಕಿ.ಮೀ. ಆದ ಮೇಲೆ ಮೊನ್ನೆ ಮತ್ತೆ ಅಳೆದೆ. ಎಡಗಡೆ ಒಳಗಿನ ಪ್ಯಾಡ್ ಮೂರೂಕಾಲು. ದೀಪಾವಳಿಗೆ ಊರಿಗೆ ಹೊರಡುವ ಮುಂಚೆ ಪ್ಯಾಡ್ ಮಾತ್ರ ಹಾಕಬೇಕು. ಭಾನುವಾರ ಭಾವಮೈದುನ ತನ್ನ ಕಾರನ್ನೂ ತರುತ್ತಾನಂತೆ. ಅವನಿಗೆ ಹನ್ನೊಂದು ಸಾವಿರ ಹೇಳಿದ್ದಾರೆ.