ಸಿಂಗಪುರದಿಂದ ಕ್ರೂಸ್ ಹೊರಡೋ ಕುಟುಂಬಗಳಿಗೆ

ಟಿಕೆಟ್‌ಗಿಂತ ಮೊದಲು ವೀಸಾ ನೋಡಿ. ಹಡಗು ಮಲೇಷ್ಯಾದ ಪೆನಾಂಗ್ ಅಥವಾ ಥಾಯ್ಲೆಂಡ್‌ನ ಫುಕೆಟ್‌ಗೆ ಹೋಗಿ ವಾಪಸ್ ಬಂದರೆ ಅದು ಸಿಂಗಪುರಕ್ಕೆ ಎರಡನೇ ಪ್ರವೇಶ, ಹಾಗಾಗಿ ಮಲ್ಟಿಪಲ್ ಎಂಟ್ರಿ ವೀಸಾನೇ ಬೇಕು. ಎಸ್‌ಜಿ ಅರೈವಲ್ ಕಾರ್ಡ್ (ಸಿಂಗಪುರಕ್ಕೆ ಬರೋರು ಆನ್‌ಲೈನ್‌ನಲ್ಲಿ ತುಂಬೋ ಫಾರ್ಮ್) ಕೂಡ ಎರಡು ಸಲ ತುಂಬಬೇಕು: ವಿಮಾನದಲ್ಲಿ ಬರುವಾಗ ಒಂದು, ಹಡಗಿನಲ್ಲಿ ವಾಪಸಾಗುವಾಗ ಇನ್ನೊಂದು. ಅದು ಉಚಿತ, ದುಡ್ಡು ಕೇಳೋ ವೆಬ್‌ಸೈಟ್‌ಗಳ ಸಹವಾಸ ಬೇಡ.

ಆರು ತಿಂಗಳೂ ತುಂಬದ ಕೂಸನ್ನು ಸಾಮಾನ್ಯವಾಗಿ ಹತ್ತಿಸಿಕೊಳ್ಳಲ್ಲ. ಬೆಲೆ ಹೋಲಿಸುವಾಗ ಬಂದರು ತೆರಿಗೆ, ದಿನಕ್ಕೆ ತಲೆಗಿಷ್ಟು ಅಂತ ಹಾಕೋ ಟಿಪ್ಸ್ ಸೇರಿಸಿಯೇ ಲೆಕ್ಕ ಹಾಕಿ. ಸಾಮಾನ್ಯವಾಗಿ ಮಕ್ಕಳ ತಲೆಗೂ ಟಿಪ್ಸ್ ಹಾಕುತ್ತಾರೆ. ಜೈನ ಊಟ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಅಡುಗೆ ಬೇಕಿದ್ದರೆ ಬುಕ್ ಮಾಡುವಾಗಲೇ ಬರೆಸಿ. ಹತ್ತಿದ ಮೇಲೆ ಕೇಳಿದರೆ ಅನ್ನ-ಮೊಸರೇ ಗತಿ.

ವಾಂತಿ ಬರೋರಿದ್ದರೆ ಹಡಗಿನ ನಡುಭಾಗದ, ಕೆಳ ಮಹಡಿಯ ಕ್ಯಾಬಿನ್ ತಗೊಳ್ಳಿ. ಹಡಗಿನ ಮುಂತುದಿ ಮತ್ತು ಮೇಲಿನ ಮಹಡಿ ಜಾಸ್ತಿ ಓಲಾಡುತ್ತವೆ. ಮಾತ್ರೆ ನುಂಗೋದು ಸಂಕಟ ಶುರುವಾದ ಮೇಲಲ್ಲ, ಮುಂಚೆ.

ಬಂದರಿನಲ್ಲಿ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್‌ಗೆ ಬರೋದು ಕೆಲವೊಮ್ಮೆ ಸಂಜೆಗೆ. ಈಜುಡುಗೆ, ಔಷಧಿ, ಡೈಪರ್, ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ. ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್ ತರಬೇಡಿ, ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಹಡಗು ಹೊರಡುವ ಮುನ್ನ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಮಾತ್ರ ಬಳಸಿ. ಇಲ್ಲದಿದ್ದರೆ ಫೋನ್ ತಾನಾಗೇ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿಯುತ್ತೆ, ಬಿಲ್ಲು ನೋಡಿದರೆ ತಲೆ ತಿರುಗುತ್ತೆ. ಅಜ್ಜ-ಅಜ್ಜಿ ಫೋನನ್ನೂ ಮರೆಯದೆ ನೋಡಿ.